ಸುಳಿ ನಿನ್ನೆ ಮೂಡಿದ್ದಲ್ಲ

ಚೆನ್ನಾಗಿ ನಡೆಯುತ್ತಿದ್ದ ಸವಾರಿ ಕುದುರೆ ಇದ್ದಕ್ಕಿದ್ದಂತೆ ಜೀನು ಕಂಡರೆ ಕಚ್ಚಲು ಬರುತ್ತದೆ, ಇಳಿಜಾರಿನಲ್ಲಿ ಹೆಜ್ಜೆ ಕೀಳದೆ ನಿಲ್ಲುತ್ತದೆ, ಒಂದು ದಿನ ಸವಾರನನ್ನೇ ಕೆಡವುತ್ತದೆ. ಆಗ ನಮ್ಮಲ್ಲಿ ಕೇಳಿಬರುವ ಮೊದಲ ಮಾತು, ‘ಸುಳಿ ಸರಿಯಿಲ್ಲ.’ ಎರಡನೆಯದು, ‘ಕೊಬ್ಬು ಬಂದಿದೆ.’ ಮೊದಲನೆಯದರ ಪರಿಹಾರ ಕುದುರೆಯನ್ನು ಮಾರುವುದು, ಎರಡನೆಯದರದ್ದು ಬಾರುಕೋಲು.

ಮೈಮೇಲಿನ ಕೂದಲಿನ ಸುಳಿ ನೋಡುವುದು ಸಂತೆಯ ದಲ್ಲಾಳಿಗಳು ಹುಟ್ಟಿಸಿದ ಮಾತಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಪಳಗಿಸುವಿಕೆ, ಸವಾರಿಯಾಟಗಳಿಗೆ ಜಾಗ ಕೊಟ್ಟಿದ್ದಾನೆ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವೂ ಅಶ್ವಶಾಸ್ತ್ರವನ್ನು ಬಿಟ್ಟಿಲ್ಲ. ಒಳ್ಳೆಯ ಕುದುರೆ ಅರಬ್ ದೇಶದಿಂದ ಹಡಗೇರಿ ಬರಬೇಕಾಗಿದ್ದ ಕಾಲದಲ್ಲಿ ಕೊಳ್ಳುವವನಿಗೆ ಯಾವುದೋ ಒಂದು ಅಳತೆಗೋಲು ಬೇಕಿತ್ತು. ಬಣ್ಣ, ಹಲ್ಲು, ಸುಳಿಗಳ ಲೆಕ್ಕ ಅದಕ್ಕೆ ಒದಗಿತು. ಈ ಪರಂಪರೆಯಲ್ಲಿ ವೈದ್ಯವೂ ಇತ್ತು, ಲಕ್ಷಣವೂ ಇತ್ತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಲಕ್ಷಣ.

ಸುಳಿಗೂ ಸ್ವಭಾವಕ್ಕೂ ನಂಟೇ ಇಲ್ಲ ಎಂದು ನಾನು ವಾದಿಸಲು ಹೊರಟಿಲ್ಲ. ಅಮೆರಿಕದ ಪ್ರಾಣಿವರ್ತನೆ ವಿಜ್ಞಾನಿ ಟೆಂಪಲ್ ಗ್ರಾಂಡಿನ್ 1995ರಲ್ಲಿ ದನಗಳನ್ನು ಪರೀಕ್ಷಿಸಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದವು ಕಟ್ಟಿಹಾಕಿದಾಗ ಹೆಚ್ಚು ಚಡಪಡಿಸುತ್ತವೆ ಎಂದು ತೋರಿಸಿದರು. ಇರಲಿ. ಆದರೆ ಸುಳಿ ಹುಟ್ಟಿನಿಂದ ಇದ್ದದ್ದು. ಆರು ವರ್ಷ ತೊಂದರೆ ಕೊಡದ ಸುಳಿ ಕಳೆದ ಮಂಗಳವಾರ ಏಕೆ ಒದೆಯಿತು? ಹಠಾತ್ತಾಗಿ ಬದಲಾದ ನಡತೆಗೆ ಹಠಾತ್ತಾಗಿ ಬದಲಾದ ಏನನ್ನಾದರೂ ಹುಡುಕಬೇಕು. ಕೊಳ್ಳುವ ದಿನ ಮುಗಿದುಹೋದ ಪರೀಕ್ಷೆಯನ್ನು ಮತ್ತೆ ಬರೆಯಿಸಿ ಪ್ರಯೋಜನವಿಲ್ಲ.

ಈ ಹುಡುಕಾಟಕ್ಕೆ ಇತ್ತೀಚೆಗೆ ಸಿಕ್ಕ ಗಟ್ಟಿ ಸಾಧನವೆಂದರೆ, ಕುದುರೆಗಳ ಕುಂಟುತನದ ತಜ್ಞೆ, ಬ್ರಿಟನ್ನಿನ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ 24 ವರ್ತನೆಗಳ ಪಟ್ಟಿ. ಸವಾರ ಮೇಲಿರುವಾಗ ಕಿವಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಂದಕ್ಕೆ ಒರಗುವುದು, ಕಣ್ಣಿನ ಬಿಳಿ ಕಾಣುವುದು, ಬಾಯಿ ತೆರೆದು ಮುಚ್ಚುವುದು, ಬಾಲ ಬೀಸುವುದು, ಎಡವುವುದು, ಮುಂದಕ್ಕೆ ಹೋಗಲು ಒಲ್ಲೆನ್ನುವುದು, ಹಿಂಗಾಲ ಮೇಲೆ ಏಳುವುದು ಮುಂತಾದವು ಅದರಲ್ಲಿವೆ. ಎಂಟು ಅಥವಾ ಹೆಚ್ಚು ಕಂಡರೆ, ಅಂದರೆ ಅಂಕ ಎಂಟು ಮುಟ್ಟಿದರೆ, ಮೂಳೆ, ಕೀಲು, ಸ್ನಾಯುಗಳಲ್ಲಿ ನೋವಿರುವ ಸಾಧ್ಯತೆ ಬಲವಾಗಿದೆ ಎಂದರ್ಥ. ಪಟ್ಟಿಗಿಂತ ನನಗೆ ಮುಖ್ಯವೆನಿಸುವುದು ಅದನ್ನು ಒರೆಗೆ ಹಚ್ಚಿದ ರೀತಿ: ಕುಂಟುವ ಕಾಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮತ್ತೆ ಸವಾರಿ ಮಾಡಿಸಿದಾಗ ಅದೇ ಕುದುರೆಯ ಅಂಕ ಇಳಿಯಿತು. ಮೊಂಡುತನ ಚುಚ್ಚುಮದ್ದಿಗೆ ಇಳಿಯುವುದಿಲ್ಲ.

ಇನ್ನು ಈ ಪಟ್ಟಿಯ ಮಿತಿಗಳು. ನೋವಿದೆ ಎಂದು ಅದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಹೊಟ್ಟೆಹುಣ್ಣಿನಂಥ ತೊಂದರೆ ಅದರ ಲೆಕ್ಕಕ್ಕೆ ಪೂರ್ತಿ ಸಿಗುವುದೂ ಇಲ್ಲ. ಹಾಗೆಯೇ ಅದು ಯುರೋಪಿನ ಕ್ರೀಡಾ ಕುದುರೆಗಳನ್ನು ನೋಡಿ ಕಟ್ಟಿದ್ದು. ತುದಿ ಒಳಮುಖವಾಗಿ ಬಾಗಿದ ಮಾರ್ವಾಡಿ, ಕಾಠಿಯಾವಾಡಿ ಕಿವಿಗಳನ್ನು ಓದಲು ಬೇರೆ ಅಭ್ಯಾಸ ಬೇಕು. ಮುಳ್ಳಿನ ಕಡಿವಾಣವನ್ನು ನಮ್ಮಲ್ಲಿ, ಭಾರ ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳೇ ನಿಷೇಧಿಸಿವೆ; ಅಂಥದ್ದು ಬಾಯಲ್ಲಿದ್ದರೆ ಬಾಯಿ ತೆರೆದದ್ದಕ್ಕೆ ಅಂಕ ಹಾಕುವ ಮೊದಲು ಕಡಿವಾಣ ಕಿತ್ತೆಸೆಯಬೇಕು.

ಹಾಸನ ಜಿಲ್ಲೆಯ ಮಗ್ಗೆ, ಸಕಲೇಶಪುರ, ಆಲೂರು ಕಡೆಯ ಗುಡ್ಡಗಳಿಗೆ ಈ ಪಟ್ಟಿಯನ್ನು ತಂದರೆ ಇನ್ನೊಂದು ಕೊರತೆ ಕಾಣುತ್ತದೆ. ಅದಕ್ಕೆ ಮಳೆಗಾಲ ಗೊತ್ತಿಲ್ಲ. 19ನೇ ಶತಮಾನದಲ್ಲಿ ಮಂಜರಾಬಾದ್ ಎನಿಸಿದ್ದ ಈ ಸೀಮೆಯ ಕಾಫಿ ದೊರೆಗಳಿಗೆ ಕುದುರೆ ದಿನನಿತ್ಯದ ವಾಹನ. ಈಗ ಇಲ್ಲಿ ಕುದುರೆ ಅಪರೂಪ. ಇದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾಯದಲ್ಲೇ ನಿಲ್ಲುವುದು ಹೆಚ್ಚು. ಆ ತಿಂಗಳುಗಳಲ್ಲಿ ಬೆನ್ನಿನ ಸ್ನಾಯು ಕರಗುತ್ತದೆ, ಇಲ್ಲವೇ ಹುರುಳಿ ತಿಂದು ಮೈ ತುಂಬುತ್ತದೆ. ಎರಡರಲ್ಲೂ ಹಳೆಯ ಜೀನು ಬದಲಾದ ಬೆನ್ನಿಗೆ ಕೂರುವುದಿಲ್ಲ. ಬೂಸ್ಟು ಹಿಡಿದ ಜೀನಿನ ಚರ್ಮ ಗಡುಸಾಗಿರುತ್ತದೆ. ಸದಾ ತೇವದಲ್ಲಿ ನಿಂತ ಗೊರಸಿನ ಅಡಿ ಕೊಳೆತು ನಾರುತ್ತದೆ. ರಕ್ತ ಹೀರುವ ನೊಣಗಳು ಸರ‍್ರಾ ಜ್ವರ ಹರಡುತ್ತವೆ. ಬಂದುಹೋಗುವ ಜ್ವರದಲ್ಲಿ ಬಳಲಿದ ಕುದುರೆಯನ್ನು ಸೋಮಾರಿ ಎನ್ನುವುದು ಸುಲಭ. ದಸರಾ ರಜೆಗೆ ಸವಾರಿ ಶುರುವಾದಾಗ ಇವೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಆಗಲೂ ಮಾತು ಕೊಬ್ಬಿನದೇ. ದಾಣಿಗೆ ತಕ್ಕ ಕೆಲಸವಿಲ್ಲದೆ ಕುದುರೆ ಜಿಗಿಯುವುದು ಸುಳ್ಳಲ್ಲ, ಆದರೆ ಆ ತೀರ್ಮಾನ ಕಡೆಗೆ ಬರಬೇಕು. ಕುದುರೆಯ ಜಠರ ಮೇವಿಲ್ಲದಾಗಲೂ ಆಮ್ಲ ಸುರಿಸುತ್ತಲೇ ಇರುತ್ತದೆ, ಹುಣ್ಣಿಗೆ ದಾರಿಯಾಗುತ್ತದೆ. ಕಾಳು ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದವರು ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಿಸಿಕೊಂಡರೆ ಆಶ್ಚರ್ಯವಿಲ್ಲ.

ಜೀನನ್ನೇ ಆರೋಪಿಯಾಗಿ ನಿಲ್ಲಿಸುವಲ್ಲೂ ಎಚ್ಚರ ಬೇಕು. ಜೀನು ಸದಾ ಒಂದೇ ಪಕ್ಕಕ್ಕೆ ಜಾರುತ್ತಿದ್ದರೆ ನಾವು ಹೊಟ್ಟೆಪಟ್ಟಿ ಬಿಗಿಯುತ್ತೇವೆ, ಸವಾರನಿಗೆ ನೆಟ್ಟಗೆ ಕೂರಲು ಹೇಳುತ್ತೇವೆ. ಸಂಶೋಧಕಿ ಲೀನೆ ಗ್ರೀವ್ ಮತ್ತು ಡೈಸನ್ ನಡೆಸಿದ ಅಧ್ಯಯನದಲ್ಲಿ ಈ ಜಾರುವಿಕೆಗೂ ಹಿಂಗಾಲಿನ ಕುಂಟುತನಕ್ಕೂ ನಿಕಟ ಸಂಬಂಧ ಕಂಡಿತು. ಮಾಲೀಕರು ಸರಿಯಾಗಿವೆ ಎಂದು ನಂಬಿದ್ದ ಕುದುರೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರ ನಡಿಗೆಯಲ್ಲಿ ಐಬು ಸಿಕ್ಕಿತು. ‘ಕುಂಟುತ್ತಿಲ್ಲವಲ್ಲ’ ಎಂಬ ನಮ್ಮ ಭರವಸೆಯ ಬೆಲೆ ಇಷ್ಟೇ.

ನೋವು ಹೋದ ಮೇಲೂ ಅದರ ನೆನಪು ಹೋಗದಿರಬಹುದು. ಬೆನ್ನು ವಾಸಿಯಾದ ಕುದುರೆ ಜೀನು ಕಂಡೊಡನೆ ಹಿಂದೆ ಸರಿದರೆ ಅಂಕಪಟ್ಟಿಯ ಬಳಿ ಉತ್ತರವಿಲ್ಲ. ಮೈಸೂರಿನಲ್ಲಿ ದಸರಾಕ್ಕೆ ಮೊದಲು ಆನೆ, ಕುದುರೆಗಳನ್ನು ಫಿರಂಗಿ ಸದ್ದಿಗೆ ಒಗ್ಗಿಸುವ ತಾಲೀಮು ನಡೆಯುತ್ತದಲ್ಲ, ಅಂಥದೇ ಕೆಲಸ ಇಲ್ಲಿ ಜೀನಿನೊಂದಿಗೆ ಆಗಬೇಕು. ಅದೂ ದೇಹ ಪರೀಕ್ಷೆ ಮುಗಿದ ಮೇಲೆ.

ಇಷ್ಟು ಕೊರತೆಗಳಿದ್ದರೂ ನಾನು ಈ ಪಟ್ಟಿಯ ಪರ. ಕುದುರೆ ತಿಳಿದ ವೈದ್ಯರು ತೋಟದ ಬಾಗಿಲಿಗೆ ಬರುವ ಊರುಗಳಲ್ಲ ಇವು. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕುದುರೆ ಸಾಗಿಸುವುದೆಂದರೆ ಲಾರಿ ಗೊತ್ತುಮಾಡಬೇಕು. ಕಾಫಿ ಒಣಗಿಸುವ ಕಣದಂಥ ಸಮತಟ್ಟು ಜಾಗದಲ್ಲಿ ಸವಾರನ ಸಮೇತ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸುತ್ತಿಸಿ, ಹತ್ತು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿ, ಹಿಂದಿನ ತಿಂಗಳಿನಿಂದ ಬದಲಾದ ಲಾಳ, ಮೇವು, ಜೀನು, ಸವಾರ ಇವನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ, ದೂರದ ವೈದ್ಯರಿಗೆ ‘ತಂಟೆ ಮಾಡುತ್ತದೆ’ ಎಂಬ ದೂರಿಗಿಂತ ಹೆಚ್ಚಿನದು ಕೈಗೆ ಸಿಗುತ್ತದೆ.