ರಾಜ್ಯವಿಲ್ಲದ ಮಾರಾಯರು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಬಸ್ಸು ಕತಗಾಲದಲ್ಲಿ ನಿಂತಾಗ ಸುಮ್ಮನೆ ಕಿವಿಗೊಡಬೇಕು. ಹತ್ತುವವರು, ಇಳಿಯುವವರು, ಚಾ ಅಂಗಡಿ ಬೆಂಚಿನ ಮೇಲೆ ಕೂತವರು, ಎಲ್ಲರೂ ಮಾರಾಯರೇ. ಮಹಾರಾಯ ಸವೆದು ಮಾರಾಯ ಆದದ್ದು. ಕಿರೀಟ ಬಿತ್ತು, ಹಕಾರವೂ ಉದುರಿತು. ಉಳಿದದ್ದು ಯಾರ ತಲೆಗೆ ಇಟ್ಟರೂ ಕೂರುವ ಒಂದು ಮಾತು.

ಇದರ ರುಚಿ ಪೂರ್ತಿ ಸಿಗುವುದು ಮಳೆಗಾಲದಲ್ಲಿ. ಚಂಡಿಕಾ ಹೊಳೆ ಉಕ್ಕಿ ಕತಗಾಲದ ಹತ್ತಿರ ರಸ್ತೆಗೆ ನೀರು ನುಗ್ಗಿತು ಅನ್ನಿ. 'ನೀರು ಬಂತು ಮಾರಾಯ' ಅಂದರೆ ಬರೀ ಸುದ್ದಿ. 'ಇನ್ನೂ ಏರ್ತು ಮಾರಾಯಾ' ಅನ್ನುವಾಗ ಕೊನೆಯ ಸ್ವರ ಎಳೆದು, ಅದರೊಳಗೆ ಸಣ್ಣಗೆ ದಿಗಿಲು. ಅಷ್ಟರಲ್ಲಿ ಒಬ್ಬ ನೀರಿಗೇ ಬೈಕು ಇಳಿಸಲು ಹೊರಡುತ್ತಾನೆ. 'ಬ್ಯಾಡಾ ಮಾರಾಯ', ಇದು ಕೈ ಮುಗಿದಂತೆ. ಅವನು ಕೇಳುವುದಿಲ್ಲ, ನಡುನೀರಿನಲ್ಲಿ ಎಂಜಿನ್ ಆಫ್. ದಡದಲ್ಲಿ ನಿಂತವನು ಈಗ ಬೇರೇನೂ ಹೇಳುವುದಿಲ್ಲ, 'ಮಾರಾಯಾ...' ಅಷ್ಟೇ. ನಾನು ಮೊದಲೇ ಹೇಳಿದ್ದೆ, ನಿನಗೆ ಬುದ್ಧಿ ಇಲ್ಲ, ಇರು ನಾನೇ ಬಂದು ದೂಡುತ್ತೇನೆ, ಮೂರೂ ಅದರಲ್ಲೇ ಬಂತು. ನೀರಲ್ಲಿ ನಿಂತವನಾದರೋ ಕಿಕ್ ಹೊಡೆಯುತ್ತ ಬೈಕಿಗೇ ಹೇಳುತ್ತಿರುತ್ತಾನೆ: 'ಶುರು ಆಗಾ ಮಾರಾಯ.' ಆಮೇಲೆ ಮುಖ ಎತ್ತಿ ಮಳೆಗೆ: 'ಸಾಕಾ ಮಾರಾಯ, ನಿಲ್ಲು.'

ಹೆಂಗಸರನ್ನು ಕರೆಯುವಾಗ ಇದು ಮಾರಾಯ್ತಿ. ಕೊಟ್ಟಿಗೆಗೆ ಬರಲೊಲ್ಲದ ದನವೂ ಮಾರಾಯ್ತಿಯೇ. ಸ್ವಲ್ಪ ಮರ್ಯಾದೆ ಬೇಕಾದಲ್ಲಿ ಮಾರಾಯ್ರೆ. ಚಿಲ್ಲರೆ ಇಲ್ಲದ ಪ್ರಯಾಣಿಕನ ಮುಂದೆ ಕಂಡಕ್ಟರು ಬಳಸುವುದು ಇದನ್ನೇ. ಬೈಯಲಿಕ್ಕೂ ಆಗದು, ಬಿಡಲಿಕ್ಕೂ ಆಗದು ಎಂಬಲ್ಲಿ ಇದಕ್ಕಿಂತ ಒಳ್ಳೆಯ ಪದ ನಾನು ಕೇಳಿಲ್ಲ. ಗದರಿದ ಉಸಿರಿನಲ್ಲೇ ಎದುರಿನವನನ್ನು ಸಿಂಹಾಸನದ ಮೇಲೂ ಕೂರಿಸುತ್ತದಲ್ಲ!

ಇದಕ್ಕೆ ದಾಯಾದಿಗಳಿದ್ದಾರೆ. ಬೆಂಗಳೂರು, ಮೈಸೂರು ಕಡೆ ಗುರು, ಮಗಾ, ಹುಬ್ಬಳ್ಳಿಯಲ್ಲಿ ದೋಸ್ತ. ಪುಣ್ಯಾತ್ಮ ಇನ್ನೂ ಹತ್ತಿರದವನು. ಆದರೆ ಅವನು ಹೆಚ್ಚಾಗಿ ಎದುರಿಗೆ ಇಲ್ಲದವನು: 'ಆ ಪುಣ್ಯಾತ್ಮ ಫೋನೇ ಎತ್ತೂದಿಲ್ಲ.' ಮಹಾನುಭಾವನಲ್ಲಿ ವ್ಯಂಗ್ಯ ಸ್ವಲ್ಪ ಖಾರ. ಮಾರಾಯನಿಗೆ ಎದುರು ಮುಖ ಬೇಕು, ಅದು ಬೈಕಿನದಾದರೂ ಸರಿ.

ದೊಡ್ಡ ಬಿರುದುಗಳಿಗೆ ಹೀಗೆ ಬೀದಿಗಿಳಿಯುವ ಚಾಳಿ ಎಲ್ಲ ಕಡೆಯೂ ಇದೆ. ಬಂಗಾಳಿಗಳ ಮಹಾಶಯ ಮೊಶಾಯ್ ಆಗಿ ಮೀನಿನಂಗಡಿಯಲ್ಲಿ ಚೌಕಾಶಿ ಮಾಡುತ್ತಾನೆ. ಅಮೆರಿಕದ ಡ್ಯೂಡ್ 1880ರ ದಶಕದಲ್ಲಿ ನ್ಯೂಯಾರ್ಕಿನ ಠಾಕುಠೀಕಿನ ಶೋಕಿಲಾಲ. ಇವತ್ತು ಹರಕು ಚಡ್ಡಿಯವನೂ ಡ್ಯೂಡ್. ಸ್ಕಾಟ್ ಕೀಸ್ಲಿಂಗ್ ಎಂಬ ಭಾಷಾವಿಜ್ಞಾನಿ 2004ರಲ್ಲಿ ಈ ಒಂದೇ ಪದದ ಮೇಲೆ ಇಡೀ ಪ್ರಬಂಧ ಬರೆದ. ನಮ್ಮ ಮಾರಾಯನಿಗೂ ಅಂಥವನೊಬ್ಬ ಸಿಗಬೇಕಿತ್ತು. ಈಗ ನಮ್ಮ ಕಾಲೇಜು ಹುಡುಗರು ಬ್ರೋ ಅನ್ನುತ್ತಾರೆ. ಅನ್ನಲಿ, ನನ್ನದೇನೂ ತಕರಾರಿಲ್ಲ. ಆದರೆ ಬ್ರೋ ಅಂದು ಮಳೆ ನಿಲ್ಲಿಸಲು ಹೋದವನನ್ನು ನಾನಂತೂ ಕಂಡಿಲ್ಲ.

ಪದದ ನಿಜವಾದ ತಮಾಷೆ ನೋಡಬೇಕಾದರೆ ಯಕ್ಷಗಾನದ ಆಟಕ್ಕೆ ಹೋಗಬೇಕು. ಪಕ್ಕದ ಹೊನ್ನಾವರ ತಾಲೂಕಿನವರೇ ಆದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಇಲ್ಲಿ ಯಕ್ಷಗಾನವೆಂದರೆ ನಿದ್ದೆಗಿಂತ ದೊಡ್ಡದು. ರಂಗಸ್ಥಳದಲ್ಲಿ ಒಡ್ಡೋಲಗ. ಕಿರೀಟ, ಭುಜಕೀರ್ತಿ ತೊಟ್ಟ ಅಸಲಿ ಮಹಾರಾಜ, ಗ್ರಾಂಥಿಕ ಕನ್ನಡದಲ್ಲಿ ಅರ್ಥ. ಅಲ್ಲಿ ಮಾರಾಯನಿಗೆ ಪ್ರವೇಶವಿಲ್ಲ. ಮನೆಮಾತು ತರುವ ಸಲುಗೆ ಹಾಸ್ಯಗಾರನಿಗೆ ಮಾತ್ರ. ಕೆಳಗೆ ಚಾಪೆಯ ಮೇಲಾದರೆ, 'ಎಂಥಾ ಕುಣಿತ ಮಾರಾಯಾ!' ರಾಜನಿಗೆ ಸಿಕ್ಕ ಆ ಮೆಚ್ಚುಗೆಯಲ್ಲಿ ರಾಜಪದವಿ ಹೋಗಿದ್ದು ಮಾತ್ರ ಪಕ್ಕ ಕೂತ ಶೇಂಗಾ ತಿನ್ನುವವನಿಗೆ.

ಒಂದು ಸೂಕ್ಷ್ಮ ಹೊರಗಿನವರಿಗೆ ಬೇಗ ಹತ್ತುವುದಿಲ್ಲ. ಸಿಟ್ಟು ತಿಳಿಯುವುದು ಈ ಪದ ಬಂದಾಗಲ್ಲ, ಬಾರದಿದ್ದಾಗ. ತೋಟದ ಗಡಿಯ ಜಗಳದಲ್ಲಿ 'ಬೇಲಿ ಸರಿಸಿದ್ದು ನೀನೇ ಮಾರಾಯ' ಎಂಬ ಮಾತು ಕೇಳಿದರೆ ಹಿರಿಯರು ನಿಶ್ಚಿಂತೆಯಿಂದ ಕವಳದ ಬಟ್ಟಲು ಹತ್ತಿರ ಎಳೆದುಕೊಳ್ಳುತ್ತಾರೆ. ಸಂಜೆಯೊಳಗೆ ರಾಜಿ ಆಗುತ್ತದೆ. 'ಬೇಲಿ ಸರಿಸಿದ್ದು ನೀವು' ಅಂದರೆ ಮಾತ್ರ ಕಷ್ಟ. ಆ ಜಗಳ ಮರುದಿನ ಬೆಳಿಗ್ಗೆ ಕುಮಟಾದ ವಕೀಲರ ಮನೆಗೆ ಬಸ್ ಹತ್ತುತ್ತದೆ.