ಕರಗುವ ವೃತ್ತ, ಓಡುವ ಅಂಕಿ

‘ಲಗೂ ಬರೀರಿ, ಟೈಮ್ ಆತು!’ ಯಳವತ್ತಿಯಾಗಲಿ ಲಕ್ಷ್ಮೇಶ್ವರವಾಗಲಿ, ಗದಗ ಸೀಮೆಯ ಮಾಸ್ತರರ ಬಾಯಲ್ಲಿ ಈ ಮಾತು ಹೊಸದೇನಲ್ಲ. ಆದರೆ ಗಡಿಯಾರ ನೋಡಲು ಬಾರದ ಎರಡನೇ ಇಯತ್ತೆಯ ಹುಡುಗನಿಗೆ ಎಷ್ಟು ಹೊತ್ತು ಉಳಿದಿದೆ ಎಂಬುದು ತಿಳಿಯುವುದಾದರೂ ಹೇಗೆ? ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ ಇರುವ ಶಾಲೆಗೆ ಪವರ್‌ಪಾಯಿಂಟಿನಲ್ಲಿ ಮಾಡಿದ ಕೌಂಟ್‌ಡೌನ್ ಟೈಮರ್ ಒದಗುವುದು ಇಲ್ಲೇ. ಉದ್ದೇಶ ಒಳ್ಳೆಯದು, ಮಾಡುವ ರೀತಿಯಲ್ಲಿ ಮಾತ್ರ ಎಡವಟ್ಟು ಬಹಳ.

ಮೊದಲ ಎಡವಟ್ಟು ಅಲಂಕಾರದ್ದು. ಟಿಕ್ ಟಿಕ್ ಸದ್ದು, ಕುಣಿಯುವ ಗೊಂಬೆ, ಕೊನೆಗೊಂದು ಬಾಂಬ್ ಸ್ಫೋಟ. ಮಕ್ಕಳು ಲೆಕ್ಕ ಬಿಟ್ಟು ಬಾಂಬ್ ಸಿಡಿಯುವುದನ್ನೇ ಕಾಯುತ್ತಾರೆ.

ಸರಳ ವಿಧಾನವೇ ಮೇಲು. ಸ್ಲೈಡಿನ ಮೇಲೊಂದು ಬಣ್ಣದ ವೃತ್ತ ಬರೆದು, ಅದಕ್ಕೆ ಎಕ್ಸಿಟ್ ಅನಿಮೇಶನ್‌ಗಳಲ್ಲಿನ ‘ವೀಲ್’ ಕೊಟ್ಟರೆ ವೃತ್ತ ಹೋಳುಹೋಳಾಗಿ ಕರಗುತ್ತದೆ. ಅಮೆರಿಕದ ಜ್ಯಾನ್ ರೋಜರ್ಸ್ ಎಂಬ ತಾಯಿ ತಮ್ಮ ಪುಟ್ಟ ಮಗಳಿಗಾಗಿ ರೂಪಿಸಿ, 1994ರಲ್ಲಿ ಮಾರುಕಟ್ಟೆಗೆ ತಂದ ‘ಟೈಮ್ ಟೈಮರ್’ ಗಡಿಯಾರದ ಕೆಂಪು ಬಿಲ್ಲೆಯೂ ಹೀಗೇ ಸವೆಯುತ್ತದೆ. ಉಳಿದ ಹೊತ್ತು ಅಂಕಿಯಾಗಿ ಅಲ್ಲ, ಜಾಗವಾಗಿ ಕಾಣುತ್ತದೆ. ಒಂದೊಂದು ಸೆಕೆಂಡಿಗೆ ಒಂದೊಂದು ಸ್ಲೈಡ್ ಮಾಡಿ ಅಂಕಿ ಓಡಿಸುವ ವಿಧಾನದಲ್ಲಿ ಈ ಗುಣವಿಲ್ಲ. ಮೇಲಾಗಿ ಪ್ರತಿ ಸ್ಲೈಡಿಗೂ ಟ್ರಾನ್ಸಿಶನ್ ಹಚ್ಚಿದರೆ ಅದರ ಹೊತ್ತೂ ಸೇರಿ ನಿಮಿಷ ಹಿಗ್ಗೀತು.

ಎರಡನೇ ಎಡವಟ್ಟು ಹೊತ್ತು ತುಂಬುವಲ್ಲಿ. ವೃತ್ತದ ಅನಿಮೇಶನ್‌ನ ಡ್ಯುರೇಶನ್ ಕಾಲಂನಲ್ಲಿ 05.00 ಎಂದರೆ ಐದು ನಿಮಿಷವಲ್ಲ, ಐದು ಸೆಕೆಂಡ್. ಐದು ನಿಮಿಷ ಬೇಕಿದ್ದರೆ 300 ಎಂದು ಬರೆದರಾಯಿತು. ಟ್ರಾನ್ಸಿಶನ್ ಟ್ಯಾಬಿನಲ್ಲಿ ‘ಆನ್ ಮೌಸ್ ಕ್ಲಿಕ್’ ಗುರುತನ್ನು ತೆಗೆಯದಿದ್ದರೆ ಕೈತಪ್ಪಿದ ಒಂದು ಕ್ಲಿಕ್ಕಿಗೆ ಟೈಮರ್ ಮಾಯ. ಮುಂದಿನ ಸ್ಲೈಡಿಗೆ ಹೋದರೂ ಅದು ನಿಲ್ಲುತ್ತದೆ. ಇದನ್ನು ದೋಷ ಎನ್ನುವವರಿದ್ದಾರೆ. ನಿಜಕ್ಕೂ ಇದು ಉಪಕಾರವೇ. ಮಾಡಬೇಕಾದ ಕೆಲಸ, ಅದಕ್ಕಿರುವ ಹೊತ್ತು ಎರಡನ್ನೂ ಒಂದೇ ಸ್ಲೈಡಿನಲ್ಲಿ ಇಡುವ ಶಿಸ್ತು ಇದರಿಂದ ಬರುತ್ತದೆ.

ದೊಡ್ಡ ತಕರಾರು ತಂತ್ರದ್ದಲ್ಲ, ಬಳಕೆಯದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಜೀವಾಳವೇ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುವುದು. ಅಲ್ಲಿ ಕಾರ್ಡು ಹಿಡಿದು ಕೂತ ಮಗುವಿನ ಎದುರು ವೃತ್ತ ಕರಗಿಸಿದರೆ ಆ ಪದ್ಧತಿಯ ಬೇರಿಗೇ ಕೊಡಲಿ. ಪ್ರಶ್ನೆ ಕೇಳಿದಾಗಲೂ ಅಷ್ಟೇ. ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಆ ಮೌನ ಟೈಮರಿನ ಕೈಗೆ ಸಿಗಬಾರದು.

ಗುಂಪು ಚರ್ಚೆ, ಪಾಟಿ-ಪುಸ್ತಕ ಎತ್ತಿಡುವುದು, ಚಿತ್ರ ಬಿಡಿಸುವುದು, ಹೆಚ್ಚೆಂದರೆ ಬಾಯಿಲೆಕ್ಕದ ಆಟ: ಇಷ್ಟಕ್ಕೆ ಟೈಮರ್ ಸಾಕು. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವೇ ಆಗಬೇಕೆಂದಿಲ್ಲ, ಲಿಬ್ರೆ ಆಫೀಸಿನ ಇಂಪ್ರೆಸ್‌ನಲ್ಲೂ ಇಂಥದನ್ನು ಮಾಡಬಹುದು. ಒಂದು, ಮೂರು, ಐದು ನಿಮಿಷದ ಮೂರು ವೃತ್ತಗಳನ್ನು ಒಮ್ಮೆ ಮಾಡಿ, ಶಾಲೆಯ ಎಲ್ಲ ಶಿಕ್ಷಕರಿಗೂ ಹಂಚಿರಿ. ಸದ್ದು ಮಾತ್ರ ಹಾಕಬೇಡಿ.