ನೆಲದ ನಡುಕಕ್ಕೆ ಆಕಾಶದ ಗಡಿಯಾರ

ದೂರದ ಬಲವಾದ ಭೂಕಂಪದ ಗುರುತನ್ನು ಆಕಾಶದಲ್ಲಿ ಹುಡುಕುವ ವಿದ್ಯೆಯಲ್ಲಿ ಉಪಕರಣದಷ್ಟೇ ಮುಖ್ಯವಾದುದು ಗಡಿಯಾರ. ನೆಲ ಮೇಲೆ ಕೆಳಗೆ ಆಡಿದಾಗ ಅದರ ಮೇಲಿನ ಗಾಳಿಯೂ ಆಡುತ್ತದೆ; ಕಿವಿಗೆ ಕೇಳಿಸದಷ್ಟು ನಿಧಾನವಾಗಿ ಮಿಡಿಯುವ ಆ ಸದ್ದಿನ ಅಲೆ ಮೇಲೇರಿದಂತೆಲ್ಲ ಗಾಳಿ ತೆಳುವಾಗುವುದರಿಂದ, ಅದೇ ಶಕ್ತಿಗೆ ಅಲುಗಿಸಬೇಕಾದ ಭಾರ ಕಡಿಮೆಯಾಗಿ, ಅಲುಗಾಟದ ಹರವು ಹತ್ತಾರು ಸಾವಿರ ಪಟ್ಟು ಹಿಗ್ಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಅಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸಿಟ್ಟಿರುವ ಮೇಲಣ ಪದರಕ್ಕೆ ಅಯಾನುಗೋಳವೆಂದು ಹೆಸರು. ಅಲ್ಲಿ 250ರಿಂದ 300 ಕಿ.ಮೀ. ಎತ್ತರವನ್ನು ಮುಟ್ಟಲು ಈ ಅಲೆಗೆ ಎಂಟು ಹತ್ತು ನಿಮಿಷ ಬೇಕು.

ನೆಲದ ಮೈಗುಂಟ ಸೆಕೆಂಡಿಗೆ 3ರಿಂದ 4 ಕಿ.ಮೀ. ವೇಗದಲ್ಲಿ ಸಾಗುವ ರೇಲೀ ಅಲೆ ತಾನು ಹಾದುಹೋದಲ್ಲೆಲ್ಲ ಗಾಳಿಯನ್ನು ಮೇಲಕ್ಕೆ ತಳ್ಳುವುದರಿಂದಲೇ, 1964ರ ಮಾರ್ಚ್‌ನಲ್ಲಿ ಅಲಾಸ್ಕವನ್ನು ನಡುಗಿಸಿದ 9.2 ಪ್ರಮಾಣದ ಭೂಕಂಪವು ಸಾವಿರಾರು ಕಿ.ಮೀ. ಆಚೆಯ ಕೊಲೊರಾಡೊದ ಅಯಾನುಗೋಳವನ್ನೂ ಕದಲಿಸಿತು. ಒಂದೇ ಕಂಪನಾಂಕದ ಶಾರ್ಟ್‌ವೇವ್ ಸಂಕೇತವು ಅಲ್ಲಿಂದ ಪ್ರತಿಫಲಿಸಿ ಮರಳುವಾಗ, ಪದರ ಮೇಲೆದ್ದರೆ ಕಂಪನಾಂಕ ಕೂದಲೆಳೆಯಷ್ಟು ಇಳಿಯುತ್ತದೆ, ಕುಸಿದರೆ ಏರುತ್ತದೆ. ಈ ಏರಿಳಿತದ ಗೆರೆಯನ್ನು ಭೂಕಂಪಮಾಪಕದ ಗೆರೆಯ ಕೆಳಗಿಟ್ಟು ನೋಡಿದರೆ, ನೆಲದ ಅದೇ ತೂಗಾಟ, ಚುರುಕು ಕಂಪನಗಳನ್ನು ದಾರಿಯಲ್ಲಿ ಕಳೆದುಕೊಂಡು, ಕೆಲವು ನಿಮಿಷ ತಡವಾಗಿ ಮರುಕಳಿಸಿರುತ್ತದೆ. ಭೂವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದ ಸಾಕ್ಷ್ಯ ವಿರಳ.

2011ರ ಮಾರ್ಚ್ 11ರಂದು ಜಪಾನಿನ ತೊಹೊಕು ಕಡಲಲ್ಲಿ ಭೂಮಿ ನಡುಗಿದಾಗ, ಆ ದೇಶದ ಸುಮಾರು 1,200 ಜಿಪಿಎಸ್ ನಿಲ್ದಾಣಗಳು ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದವು. ಉಪಗ್ರಹದ ಎರಡು ಕಂಪನಾಂಕಗಳು ಇಲೆಕ್ಟ್ರಾನುಗಳ ನಡುವೆ ಬೇರೆ ಬೇರೆ ಪ್ರಮಾಣದಲ್ಲಿ ತಡವಾಗುವುದರಿಂದ, ಆ ವ್ಯತ್ಯಾಸವೇ ದಾರಿಯಲ್ಲಿದ್ದ ಇಲೆಕ್ಟ್ರಾನುಗಳ ಲೆಕ್ಕವನ್ನು ಕೊಡುತ್ತದೆ. ಆ ಲೆಕ್ಕದಲ್ಲಿ ಉಂಗುರದಂತೆ ಹರಡುತ್ತ ಹೋದ ಅಲೆಗಳು ಕಂಡವು. ಅವುಗಳ ನಡುಬಿಂದು ಭೂಕಂಪದ ಮೇಲ್ಕೇಂದ್ರದಿಂದ ಸುಮಾರು 170 ಕಿ.ಮೀ. ಆಗ್ನೇಯದತ್ತ, ಕಡಲು ಹೆಚ್ಚಾಗಿ ಉಬ್ಬಿದ ತಾಣಕ್ಕೆ ಸರಿದಿತ್ತು.

ಹೊಕ್ಕೈದೊ ವಿಶ್ವವಿದ್ಯಾಲಯದ ಕೊಸುಕೆ ಹೆಕಿ ಅದೇ ದತ್ತಾಂಶದಲ್ಲಿ, ಭೂಕಂಪಕ್ಕೆ ಸುಮಾರು 40 ನಿಮಿಷ ಮೊದಲೇ ಇಲೆಕ್ಟ್ರಾನುಗಳು ಹೆಚ್ಚಿದ್ದನ್ನು ಗುರುತಿಸಿದರು. ಮುನ್ಸೂಚನೆಯ ಆಸೆ ಹುಟ್ಟಿಸುವ ಈ ವಾದವನ್ನು ತಳ್ಳಿಹಾಕಬೇಕಿಲ್ಲ, ಆದರೆ ಒಪ್ಪಲು ಅವಸರವೂ ಸಲ್ಲದು: ಭೂಕಂಪದ ನಂತರ ಇಲೆಕ್ಟ್ರಾನುಗಳ ಮಟ್ಟ ಕುಸಿದಿದ್ದು, ಆ ತಗ್ಗನ್ನೇ ಸಹಜ ಮಟ್ಟವೆಂದು ಹಿಡಿದು ಗೆರೆ ಎಳೆದರೆ ಹಿಂದಿನದು ಏರಿದಂತೆ ತೋರುತ್ತದೆ ಎಂಬ ಆಕ್ಷೇಪ ಬಲವಾಗಿದೆ, ಮತ್ತು ನೆಲದಿಂದ ಹೊರಟ ಅಲೆಗಿರುವಂತೆ ನಿಮಿಷ ಎಣಿಸಿ ತೋರಿಸಬಲ್ಲ ದಾರಿ ಈ ಏರಿಕೆಗೆ ಇನ್ನೂ ಖಚಿತವಾಗಿಲ್ಲ.